ತಲೆಯ ಮೇಲಿನ ಪುಸ್ತಕದಂಗಡಿ

ಪುಸ್ತಕದಂಗಡಿ ಎಂದೊಡನೆ ನಿಮ್ಮ ಕಣ್ಣಿಗೆ ಕಟ್ಟುವುದೇನು? ನಾಲ್ಕು ಗೋಡೆ, ಒಂದು ಬಾಗಿಲು, ಸಾಲು ಕಪಾಟು, ಗಲ್ಲೆಯ ಹಿಂದೆ ಕುಳಿತ ಯಜಮಾನ. ಇವೊಂದೂ ಇಲ್ಲದೆ ಪುಸ್ತಕದ ವ್ಯಾಪಾರ ನಡೆಸಿದವರೊಬ್ಬರು ನಮ್ಮ ನಾಡಿನಲ್ಲಿದ್ದರು. ತಲೆಯ ಮೇಲಿನ ಗಂಟೇ ಅವರ ಅಂಗಡಿ; ಊರಿಂದೂರಿಗೆ ಹೋಗುವ ಕಾಲುದಾರಿಯೇ ಅವರ ಪೇಟೆ. ಅವರು ಗಳಗನಾಥರು.

ಗಳಗನಾಥವೆಂಬುದು ಊರಿನ ಹೆಸರು. ವರದೆಯು ತುಂಗಭದ್ರೆಯನ್ನು ಕೂಡುವೆಡೆಯಲ್ಲಿ, ಇಂದಿನ ಹಾವೇರಿ ಜಿಲ್ಲೆಯಲ್ಲಿದೆ. ವೆಂಕಟೇಶ ತಿರಕೊ ಕುಲಕರ್ಣಿ ಎಂಬುದು ಅವರ ನಿಜನಾಮ. 1869ರಲ್ಲಿ ಹುಟ್ಟಿದ ಅವರು ನನ್ನಂತೆಯೇ ಶಾಲಾಮಾಸ್ತರರು. ಅಂದಿನ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ಸ್ಥಿತಿಯನ್ನು ನೀವು ಬಲ್ಲಿರಿ. ಮನೆಯಲ್ಲಿ ಕನ್ನಡವಾಡಿದರೂ, ಓದಲು ಕುಳಿತಾಗ ಎಷ್ಟೋ ಜನ ಮರಾಠಿ ಪುಸ್ತಕಕ್ಕೇ ಕೈ ನೀಡುತ್ತಿದ್ದರು. ಹರಿ ನಾರಾಯಣ ಆಪಟೆಯವರ ಕಾದಂಬರಿಗಳ ಸೊಗಸು ಅಂಥದು. ಗಳಗನಾಥರು ಆ ಸೊಗಸನ್ನು ಹಳಿಯುತ್ತ ಕೂಡಲಿಲ್ಲ. ಅದನ್ನು ಕನ್ನಡಕ್ಕೆ ತಂದರು. ಸ್ವತಂತ್ರವಾಗಿಯೂ ಬರೆದರು. ವಿಜಯನಗರದ ಸ್ಥಾಪನೆಯನ್ನು ಕುರಿತ ‘ಮಾಧವ ಕರುಣಾವಿಲಾಸ’ ಅವರದೇ ಕೃತಿ. 1907ರಲ್ಲಿ ಅಗಡಿಯಿಂದ ಹೊರಟ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆ ಅವರ ಬರವಣಿಗೆಯನ್ನು ತಿಂಗಳು ತಿಂಗಳು ಮನೆಮನೆಗೆ ಮುಟ್ಟಿಸಿತು.

ಬರೆಯುವುದೇನೋ ಆಯಿತು. ಸಾಲ ಮಾಡಿಯಾದರೂ ಅಚ್ಚು ಹಾಕಿಸಬಹುದು. ಆದರೆ ಅಚ್ಚಾದುದನ್ನು ಕೊಳ್ಳುವವರೆಲ್ಲಿ? ಹಳ್ಳಿಯಲ್ಲಿ ಉಪ್ಪು ಬೆಲ್ಲಕ್ಕೆ ಅಂಗಡಿಯುಂಟು, ಕಾದಂಬರಿಗೆ ಇಲ್ಲ. ಓದುಗನು ಅಂಗಡಿಗೆ ಬಾರದಿದ್ದರೆ ಅಂಗಡಿಯೇ ಓದುಗನಲ್ಲಿಗೆ ಹೋಗಬೇಕು. ಹಾಗೆಂದೇ ತಾವು ಬರೆದ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಗ್ರಂಥಕರ್ತರೂ ಅವರೇ, ಹಮಾಲರೂ ಅವರೇ. 1942ರಲ್ಲಿ ಅವರು ಕಾಲವಾದಾಗ ಕನ್ನಡ ಕಾದಂಬರಿಗೆ ಓದುಗರ ಬಳಗವೊಂದು ಇದ್ದಿತೆಂದರೆ, ಆ ನೆತ್ತಿಯ ಮೇಲಿನ ಭಾರಕ್ಕೆ ಅದರಲ್ಲಿ ಪಾಲುಂಟು.

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮೂರಿನ ಪುಸ್ತಕದಂಗಡಿಯ ಹಿರಿಯರು. ಜೂನ್ ತಿಂಗಳ ಪಠ್ಯಪುಸ್ತಕ, ಯುಗಾದಿಯ ಪಂಚಾಂಗ, ಇವೆರಡರ ಲಾಭದಲ್ಲಿ ಅವರು ವರ್ಷವಿಡೀ ಕಾವ್ಯ ಕಾದಂಬರಿಗಳನ್ನು ಸಾಕುತ್ತಿದ್ದರು. ನಾನು ಸಾಹಿತ್ಯ ಪರಿಷತ್ತಿನ ‘ಜಾಣ’ ಪರೀಕ್ಷೆಗೆ ಓದುತ್ತಿದ್ದಾಗ, ಕೈಯಲ್ಲಿ ಕಾಸಿಲ್ಲದೆ ‘ಶಬ್ದಮಣಿದರ್ಪಣ’ವನ್ನು ಅಲ್ಲಿಯೇ ನಿಂತು ನಕಲು ಮಾಡಿಕೊಳ್ಳಹೊರಟೆ. ಅವರು ಪುಸ್ತಕವನ್ನು ಕೈಗಿತ್ತು, “ಕೇಶಿರಾಜನನ್ನು ನಿಂತುಕೊಂಡು ಓದಬಾರದು, ಹೊಟ್ಟೆಗೆ ಹತ್ತುವುದಿಲ್ಲ” ಎಂದು ನಕ್ಕರು. ಉದ್ದರಿ ಬರೆದುಕೊಂಡರು. ಅರ್ಧ ಹಣ ತೀರಿಸಿದೆ. ಅಷ್ಟರಲ್ಲಿ ಕೆಲಸ ಸಿಕ್ಕಿತು, ಊರು ಬಿಟ್ಟೆ. ಮಿಕ್ಕ ಅರ್ಧವನ್ನು ನಾನು ಮರೆತೆ, ಅವರು ಕೇಳಲಿಲ್ಲ.

ಮೂರು ವರುಷಗಳ ಹಿಂದೆ ಊರಿಗೆ ಹೋದಾಗ ಆ ಜಾಗದಲ್ಲಿ ಮೊಬೈಲಿನ ಅಂಗಡಿ ಇದ್ದಿತು. ಹಿರಿಯರು ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಹಣ ತೆಗೆದುಕೊಳ್ಳುವವರೇ ಇರಲಿಲ್ಲ. ಮೂವತ್ತು ವರುಷ ಮಕ್ಕಳಿಗೆ ಸಂಧಿ ಸಮಾಸ ಕಲಿಸಿದ ನಾನು, ಅದನ್ನು ಯಾರ ಪುಸ್ತಕದಿಂದ ಕಲಿತೆನೋ ಅವರ ಲೆಕ್ಕ ಚುಕ್ತಾ ಮಾಡಿರಲಿಲ್ಲ.

ಈಗ ಪ್ರತಿ ಜೂನಿನಲ್ಲಿಯೂ ನಮ್ಮ ಶಾಲೆಯಿರುವ ಊರಿನ ಸಣ್ಣ ಅಂಗಡಿಯಿಂದ ಒಂದಷ್ಟು ಕನ್ನಡ ಪುಸ್ತಕ ಕೊಂಡು ತರಗತಿಯ ಮೇಜಿನ ಮೇಲಿಡುತ್ತೇನೆ. ಇದು ದಾನವಲ್ಲ, ಬಾಕಿ. ನಿಮ್ಮ ಊರಿನಲ್ಲಿಯೂ ಅಂಥ ಅಂಗಡಿಯೊಂದು ಇದ್ದೀತು. ಅದರ ಬಾಗಿಲು ತೆರೆದಿರುವಾಗಲೇ ಒಮ್ಮೆ ಒಳಹೊಕ್ಕು ಬನ್ನಿ. ಗಳಗನಾಥರಂತೆ ಅದು ನಿಮ್ಮ ಮನೆಯವರೆಗೆ ನಡೆದು ಬಾರದು. ನಾವೇ ನಾಲ್ಕು ಹೆಜ್ಜೆ ನಡೆಯಬೇಕು.