ಬೇಲಿ ಬೇರೆ, ಮೇರೆ ಬೇರೆ

ಮಳೆಗಾಲಕ್ಕೆ ಮುಂಚೆ ನೀವೂ ಬೇಲಿ ರಿಪೇರಿ ಮಾಡುತ್ತೀರಿ. ಲಡ್ಡಾದ ಗೂಟ ಕಿತ್ತು ಗೊಬ್ಬರದ ಗಿಡದ ಹೊಸ ಗೂಟ ನೆಡುತ್ತೀರಿ. ಹಳೆಯ ಕುಳಿಯಲ್ಲಿ ಗೂಟ ನಿಲ್ಲದಿದ್ದರೆ ನಾಲ್ಕು ಬೆರಳು ಆಚೆ ನೆಡುತ್ತೀರಿ. ಹತ್ತು ವರ್ಷ ಹೀಗೇ ನಡೆದರೆ ಬೇಲಿ ಎಲ್ಲಿಗೆ ಹೋಗಿರುತ್ತದೆ, ನೀವೇ ಲೆಕ್ಕ ಹಾಕಿ.

ಮಡಗಾಂವಿನ ನಮ್ಮ ಹಿತ್ತಿಲಲ್ಲಿ ಆದದ್ದೂ ಇದೇ. ಬೇಲಿ ತೆಗೆದು ಚಿರೇಕಲ್ಲಿನ ಗೋಡೆ ಕಟ್ಟಿಸಲು ನಾನು ದಾರ ಹಿಡಿಸಿದೆ. ಪಕ್ಕದ ಮನೆಯ ಹಿರಿಯರು ಬಂದು, "ಮೇರ್ ಖಂಯ್ ಆಸಾ?" ಎಂದರು. ಗಡಿ ಎಲ್ಲಿದೆ ಎಂದರ್ಥ. ನಾನು ಬೇಲಿಯನ್ನು ತೋರಿಸಿದೆ. "ಅದು ಬೇಲಿ. ನಾನು ಕೇಳಿದ್ದು ಮೇರ್" ಎಂದರು. ಮಾತಿಗೆ ಮಾತು ಬೆಳೆಯಿತು. ಬೇಸಿಗೆಯಲ್ಲಿ ನಾವು ನೀರು ತರುತ್ತಿದ್ದುದು ಅವರ ಬಾವಿಯಿಂದ. ಬರಬೇಡಿ ಎಂದು ಅವರು ಹೇಳಲಿಲ್ಲ. ಆದರೆ ಮರುದಿನದಿಂದ ನಮ್ಮ ಮನೆಯಾಕೆ ಕೊಡ ಹಿಡಿದು ಹೋಗಲು ನಾಚಿದಳು.

ಬ್ಯಾಂಕಿನಲ್ಲಿ ಸಾಲದ ಕಾಗದಪತ್ರ ನೋಡಿದವನು, ನನಗೆಲ್ಲ ಗೊತ್ತು ಎಂಬ ಹಮ್ಮು ನನಗಿತ್ತು. ಆದರೆ ಜಾಗ ಯಾರದೆಂದು ಹೇಳುವ ಕಾಗದ ಬೇರೆ, ಗಡಿ ಎಲ್ಲಿದೆಯೆಂದು ತೋರಿಸುವ ಕಾಗದ ಬೇರೆ. ಗೋವೆಯ ಹಳ್ಳಿಗಳಲ್ಲಿ ಮೊದಲನೆಯದು ಫಾರ್ಮ್ 1 ಮತ್ತು 14. ಮಡಗಾಂವಿನಂಥ ಪಟ್ಟಣದಲ್ಲಿ ಫಾರ್ಮ್ ಡಿ. ಅದರಲ್ಲಿ ಚಲ್ತಾ ನಂಬರು, ಪಿ.ಟಿ. ಶೀಟ್ ನಂಬರು ಇರುತ್ತವೆ. ಕಾರವಾರದ ಕಡೆಯವರಿಗೆ ಪಹಣಿ ಇದ್ದಂತೆ. ಇವು ಹೆಸರು, ವಿಸ್ತೀರ್ಣ ಹೇಳುತ್ತವೆ. ಗಡಿರೇಖೆಗೆ ಸರ್ವೆ ನಕ್ಷೆಯನ್ನೇ ನೋಡಬೇಕು. ಆ ನಕ್ಷೆಯನ್ನು ನೆಲದ ಮೇಲೆ ಗುರುತಿಸುವುದೇ ನಮ್ಮ ಹದ್ದುಬಸ್ತು.

ನಾನು ಸರ್ವೆ ಕಚೇರಿಗೆ ಅರ್ಜಿ ಕೊಟ್ಟೆ. ನೆರೆಯವರಿಗೆ ನೋಟೀಸು ಹೋಯಿತು. ಇಬ್ಬರ ಎದುರಿಗೇ ಅಳತೆಯಾಯಿತು. ಅಡುಗೆಮನೆಯ ಹಿಂದೆ ನನ್ನ ಬೇಲಿಯೇ ಒಂದೂವರೆ ಅಡಿ ಅವರ ಜಾಗದಲ್ಲಿತ್ತು!

"12 ವರ್ಷ ದಾಟಿದೆ, ಬಿಡಬೇಡಿ" ಎಂದು ಒಬ್ಬರು ಕಿವಿಯೂದಿದರು. 1963ರ ಕಾಲಮಿತಿ ಕಾಯದೆಯಲ್ಲಿ ಅಂಥ ಮಾತು ಇರುವುದು ನಿಜ. ಆದರೆ ಸುಮ್ಮನೆ ಬೇಲಿ ಇದ್ದರೆ ಸಾಲದು. ಮಾಲೀಕನ ಹಕ್ಕಿಗೆ ವಿರುದ್ಧವಾಗಿ, ಬಹಿರಂಗವಾಗಿ, ಎಡೆಬಿಡದೆ ಅನುಭವಿಸಿದ್ದೇನೆಂದು ನಾನೇ ಸಾಬೀತು ಮಾಡಬೇಕು. ಆ ರಾತ್ರಿ ನಿದ್ದೆ ಬರಲಿಲ್ಲ. ಒಂದೂವರೆ ಅಡಿ ನೆಲವನ್ನೂ ಒಂದು ಬಾವಿಯನ್ನೂ ತೂಗಿ ನೋಡಿದೆ. ಬೆಳಗಾದ ಮೇಲೆ ಹೋಗಿ, "ತಪ್ಪು ನನ್ನದು" ಎಂದೆ. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ತೆಂಗಿನ ಮರ ಮಾತ್ರ ಕಡಿಯಬೇಡಿ. ನೆಟ್ಟವರು ನೀವು, ಕಾಯಿ ನೀವೇ ಕೀಳಿ" ಎಂದರು.

ನೀವು ಗೋಡೆ ಕಟ್ಟುವವರಿದ್ದರೆ ಮೊದಲು ಅಳೆಸಿ, ಆಮೇಲೆ ಕಲ್ಲು ತರಿಸಿ. ಅಳತೆಯ ದಿನ ನೆರೆಯವರನ್ನು ನೀವೇ ಹೋಗಿ ಕರೆಯಿರಿ. ಗೋಡೆಯ ದಪ್ಪ ಯಾರ ಕಡೆ, ಮಳೆನೀರು ಯಾವ ಕಡೆಗೆ, ಇದನ್ನೆಲ್ಲ ಬರೆದು ಇಬ್ಬರೂ ಸಹಿ ಮಾಡಿ. ನಗರಪಾಲಿಕೆಯ ಅಥವಾ ಪಂಚಾಯತಿಯ ಪರವಾನಗಿ ಪಡೆಯಿರಿ. ನೆಲವನ್ನೇ ಬಿಟ್ಟುಕೊಡುವುದಾದರೆ ಬಾಯಿಮಾತು ಸಾಲದು, ನೋಂದಣಿಯಾಗಬೇಕು. ಗೋವೆಯಲ್ಲಿ ಗಂಡಹೆಂಡಿರ ಆಸ್ತಿ ಸಾಮಾನ್ಯವಾಗಿ ಇಬ್ಬರಿಗೂ ಸೇರಿದ್ದು. ಇಬ್ಬರ ಸಹಿಯೂ ಬೇಕು. ಮಾತು ಮುರಿದಿದ್ದರೆ ಲೋಕ ಅದಾಲತ್ ಇದೆ. ಅಲ್ಲಿ ಒಪ್ಪಿಗೆಯಿಂದ ಆದ ತೀರ್ಪಿನ ಮೇಲೆ ಅಪೀಲು ಇಲ್ಲ, ಖರ್ಚೂ ಕಡಿಮೆ.

ಕೊಂಕಣಿಯಲ್ಲಿ ಮೇರ್, ಕನ್ನಡದಲ್ಲಿ ಮೇರೆ. ಗಡಿಯ ಈಚೆಗೂ ಆಚೆಗೂ ಶಬ್ದ ಒಂದೇ. ಜಗಳಕ್ಕೂ ಒಂದು ಮೇರೆ ಇರಲಿ. ನಮ್ಮ ಗೋಡೆಯಲ್ಲಿ ಬಾವಿಯ ಕಡೆಗೆ ಒಂದು ಸಣ್ಣ ಬಾಗಿಲು ಇಟ್ಟಿದ್ದೇವೆ. ಅದಕ್ಕೆ ಚಿಲಕವಿಲ್ಲ.