ಆಸ್ಪತ್ರೆಯ ಪದಗಳನ್ನು ಬಿಡಿಸಿ ಓದೋಣ

(ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ, ಭಾಷಾತಜ್ಞೆಯೂ ಅಲ್ಲ. ಎಂ.ಟೆಕ್ ಮುಗಿಸಿ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುವವಳು. ಬೇರೆಯವರು ಬರೆದ ಸಾವಿರಾರು ಸಾಲಿನ ಕೋಡ್ ಕೈಗೆ ಬಂದರೆ ನಾವು ಹೆದರಿ ಕೂರುವ ಹಾಗಿಲ್ಲ. ತುಂಡು ತುಂಡು ಮಾಡಿ, ಯಾವ ತುಂಡು ಏನು ಮಾಡುತ್ತದೆ ಎಂದು ನೋಡುತ್ತೇವೆ. ಆಸ್ಪತ್ರೆಯ ಉದ್ದುದ್ದ ಪದಗಳನ್ನೂ ಹಾಗೆಯೇ ಬಿಡಿಸಬಹುದು. ಅವುಗಳಲ್ಲಿ ಹೆಚ್ಚಿನವು ಗ್ರೀಕ್, ಲ್ಯಾಟಿನ್ ತುಂಡುಗಳನ್ನು ಜೋಡಿಸಿ ಮಾಡಿದವು. ಹತ್ತಿಪ್ಪತ್ತು ತುಂಡು ಗೊತ್ತಿದ್ದರೆ ನೂರಾರು ಪದಗಳ ಅರ್ಥ ತಾನಾಗಿ ತೆರೆದುಕೊಳ್ಳುತ್ತದೆ.

ನಮ್ಮ ಮನೆಮಾತಿನಿಂದಲೇ ಶುರು ಮಾಡೋಣ. "ಎರಡು ದಿನದಿಂದ ಗ್ಯಾಸ್ಟ್ರಿಕ್ ಆಗಿದೆ ಕಣ್ರೀ" ಎಂದು ನಾವೆಲ್ಲ ಹೇಳುತ್ತೇವೆ. ಹೊಟ್ಟೆಯಲ್ಲಿ ಗ್ಯಾಸ್ ತುಂಬಿದ್ದಕ್ಕೇ ಗ್ಯಾಸ್ಟ್ರಿಕ್ ಎಂಬುದು ನಮ್ಮ ಲೆಕ್ಕ. ಆದರೆ ಈ ಎರಡು ಪದಗಳಿಗೆ ನೆಂಟಸ್ತಿಕೆಯೇ ಇಲ್ಲ! ಗ್ಯಾಸ್ಟರ್ ಎಂದರೆ ಗ್ರೀಕ್ ಭಾಷೆಯಲ್ಲಿ ಹೊಟ್ಟೆ. ಗ್ಯಾಸ್ಟ್ರಿಕ್ ಎಂದರೆ 'ಜಠರಕ್ಕೆ ಸಂಬಂಧಿಸಿದ' ಎಂದಷ್ಟೇ ಅರ್ಥ. ಗ್ಯಾಸ್ ಎಂಬ ಪದವನ್ನು 17ನೇ ಶತಮಾನದಲ್ಲಿ ವಾನ್ ಹೆಲ್ಮಾಂಟ್ ಎಂಬ ವಿಜ್ಞಾನಿ, ಗ್ರೀಕರ ಕೇಯಾಸ್ ಎಂಬ ಪದದಿಂದ ಮಾಡಿದ. ಹಾಗಾಗಿ 'ನನಗೆ ಗ್ಯಾಸ್ಟ್ರಿಕ್' ಎಂದರೆ ಡಾಕ್ಟರಿಗೆ ಏನೂ ಹೇಳಿದಂತಾಗಲಿಲ್ಲ. ಉರಿಯೋ, ಉಬ್ಬರವೋ, ನೋವೋ ಎಂದು ಅವರು ಮತ್ತೆ ಕೇಳಬೇಕಾಗುತ್ತದೆ.

'ನನಗೆ ಥೈರಾಯ್ಡ್ ಇದೆ' ಎನ್ನುವುದೂ ಹಾಗೆಯೇ. ಥೈರಾಯ್ಡ್ ಎಲ್ಲರಿಗೂ ಇದೆ! ಅದು ಕತ್ತಿನ ಮುಂಭಾಗದ ಒಂದು ಗ್ರಂಥಿ. ಥೈರಾಯ್ಡ್ ಎಂದರೆ 'ಗುರಾಣಿಯಂಥದ್ದು'. ಮುಖ್ಯವಾದದ್ದು ಅದರ ಮುಂದೆ ಬರುವ ತುಂಡು. ಹೈಪೊ ಎಂದರೆ ಕೆಳಗೆ, ಕಡಿಮೆ. ಹೈಪರ್ ಎಂದರೆ ಮೇಲೆ, ಹೆಚ್ಚು. ಕಿವಿಗೆ ಹೆಚ್ಚುಕಡಿಮೆ ಒಂದೇ ರೀತಿ ಕೇಳಿಸಿದರೂ ಹೈಪೊಥೈರಾಯ್ಡ್ ಮತ್ತು ಹೈಪರ್‌ಥೈರಾಯ್ಡ್ ಒಂದಕ್ಕೊಂದು ಪೂರ್ತಿ ವಿರುದ್ಧ, ಔಷಧಿಯೂ ಬೇರೆ. ಊರಿನಲ್ಲಿರುವ ಅಮ್ಮನ ಕಾಯಿಲೆಯನ್ನು ಫೋನಿನಲ್ಲಿ ಹೊಸ ಡಾಕ್ಟರಿಗೆ ಹೇಳುವಾಗ ಆ ಒಂದು ತುಂಡು ತಪ್ಪಬಾರದು.

ಇನ್ನು 'ಶುಗರ್'. ಈ ಪದ ನಮ್ಮ ನೆಲದಿಂದಲೇ ಹೋದದ್ದು. ಸಂಸ್ಕೃತದ ಶರ್ಕರಾ ಅರಬ್ಬರ ಬಾಯಲ್ಲಿ ಸುಕ್ಕರ್ ಆಗಿ, ಯುರೋಪಿಗೆ ಹೋಗಿ, ಇಂಗ್ಲಿಷಿನಲ್ಲಿ ಶುಗರ್ ಆಯಿತು. ನಮ್ಮ ಸಕ್ಕರೆಯೂ ಅದೇ ಬಳ್ಳಿಯ ಕಾಯಿ. ಡಯಾಬಿಟಿಸ್ ಎಂದರೆ 'ಹಾದು ಹರಿದು ಹೋಗುವುದು'. ಕುಡಿದ ನೀರೆಲ್ಲ ಮೂತ್ರವಾಗಿ ಹೋಗುವುದನ್ನು ಕಂಡು ಗ್ರೀಕರು ಇಟ್ಟ ಹೆಸರು. ಅದಕ್ಕೆ ಮುಂದೆ ಸೇರಿದ ಮೆಲಿಟಸ್ ಎಂದರೆ ಜೇನಿನಂತೆ ಸಿಹಿ. ನಮ್ಮ ವೈದ್ಯರು ಇಟ್ಟ ಹೆಸರು ಮಧುಮೇಹ, ಅಂದರೆ ಜೇನಿನಂಥ ಮೂತ್ರ. ಎಲ್ಲೆಲ್ಲಿಯವರೋ ಕಂಡದ್ದು ಒಂದೇ ಲಕ್ಷಣವನ್ನು.

ಈಗ ಪದದ ಬಾಲಕ್ಕೆ ಬರೋಣ. ವೈದ್ಯಕೀಯ ಪದ ಸಿಕ್ಕಾಗ ಮೊದಲು ಬಾಲ ನೋಡಿ ಎಂಬುದು ನನ್ನ ಸಲಹೆ. 'ಐಟಿಸ್' ಎಂದು ಮುಗಿದರೆ ಉರಿಯೂತ. ಟಾನ್ಸಿಲೈಟಿಸ್, ಗ್ಯಾಸ್ಟ್ರೈಟಿಸ್, ಆರ್ಥ್ರೈಟಿಸ್. ಆರ್ಥ್ರಾನ್ ಎಂದರೆ ಕೀಲು. 'ಓಮಾ' ಎಂದು ಮುಗಿದರೆ ಸಾಮಾನ್ಯವಾಗಿ ಗಡ್ಡೆ. ಓಮಾ ಕಂಡ ಕೂಡಲೇ ಕ್ಯಾನ್ಸರ್ ಎಂದು ಎದೆ ಒಡೆದುಕೊಳ್ಳಬೇಕಿಲ್ಲ. ಲೈಪೋಮಾ ಎಂದರೆ ಕೊಬ್ಬಿನ ಗಡ್ಡೆ, ಅದು ಸಾಮಾನ್ಯವಾಗಿ ಅಪಾಯವಿಲ್ಲದ್ದು. ಕಾರ್ಸಿನೋಮಾ ಎಂದರೆ ಕ್ಯಾನ್ಸರ್. ಕಾರ್ಕಿನೋಸ್ ಗ್ರೀಕಿನಲ್ಲಿ, ಕ್ಯಾನ್ಸರ್ ಲ್ಯಾಟಿನ್‌ನಲ್ಲಿ, ಎರಡಕ್ಕೂ ಅರ್ಥ ಏಡಿ. ಕನ್ನಡದಲ್ಲಿ ಏಡಿಗಂತಿ ಎಂಬ ಪದ ಬಂದದ್ದೂ ಅದರಿಂದಲೇ.

ಇನ್ನು ಮೂರು ಬಾಲಗಳು ಬಹಳ ಮುಖ್ಯ. 'ಸ್ಕೊಪಿ' ಎಂದರೆ ನೋಡುವುದು. ಟೆಲಿಸ್ಕೋಪ್, ಮೈಕ್ರೋಸ್ಕೋಪ್ ನಮಗೆ ಗೊತ್ತೇ ಇದೆ. 'ಟಮಿ' ಎಂದರೆ ಕತ್ತರಿಸುವುದು. ಶಾಲೆಯಲ್ಲಿ ಓದಿದ ಆಟಮ್ ನೆನಪಿಸಿಕೊಳ್ಳಿ. 'ಆ' ಎಂದರೆ ಇಲ್ಲ, 'ಟಮ್' ಎಂದರೆ ಕತ್ತರಿಸು. ಕತ್ತರಿಸಲಾಗದ್ದು ಆಟಮ್. ಇದೇ ಟಮಿಯ ಹಿಂದೆ 'ಎಕ್', ಅಂದರೆ 'ಹೊರಗೆ' ಎಂಬ ತುಂಡು ಸೇರಿದರೆ 'ಎಕ್ಟಮಿ'. ಕತ್ತರಿಸಿ ಹೊರಗೆ ತೆಗೆದುಬಿಡುವುದು. ಅಪೆಂಡೆಕ್ಟಮಿ ಎಂದರೆ ಅಪೆಂಡಿಕ್ಸ್ ತೆಗೆಯುವುದು. ಮ್ಯಾಸ್ಟೆಕ್ಟಮಿ ಎಂದರೆ ಸ್ತನ ತೆಗೆಯುವುದು. ಹಿಸ್ಟೆರಾ ಎಂದರೆ ಗರ್ಭಕೋಶ, ಹಾಗಾಗಿ ಹಿಸ್ಟರೆಕ್ಟಮಿ ಎಂದರೆ ಗರ್ಭಕೋಶ ತೆಗೆಯುವುದು. ಓಫೊರೆಕ್ಟಮಿ ಎಂದರೆ ಅಂಡಾಶಯ ತೆಗೆಯುವುದು.

ನೋಡುವುದು, ಕತ್ತರಿಸಿ ತೆರೆಯುವುದು, ತೆಗೆದುಹಾಕುವುದು. ಕಾಗದದ ಮೇಲೆ ಇವುಗಳ ನಡುವೆ ಇರುವುದು ನಾಲ್ಕೈದು ಅಕ್ಷರಗಳ ವ್ಯತ್ಯಾಸ. ಅದರ ಬೆಲೆ ಎಷ್ಟು ಎಂಬುದಕ್ಕೆ ಒಂದು ನಿಜವಾದ ಪ್ರಕರಣ ಹೇಳುತ್ತೇನೆ. 1995ರಲ್ಲಿ ದೆಹಲಿಯಲ್ಲಿ 44 ವರ್ಷದ ಮಹಿಳೆಯೊಬ್ಬರು ಅತಿ ರಕ್ತಸ್ರಾವವೆಂದು ವೈದ್ಯರ ಬಳಿ ಹೋದರು. ಅವರು ಸಹಿ ಹಾಕಿದ ಒಪ್ಪಿಗೆ ಪತ್ರದಲ್ಲಿದ್ದದ್ದು ಲ್ಯಾಪರಾಸ್ಕೊಪಿ, ಬೇಕಾದರೆ ಲ್ಯಾಪರಾಟಮಿ. ಲ್ಯಾಪರಾ ಎಂದರೆ ಹೊಟ್ಟೆಯ ಪಕ್ಕೆ. ಅಂದರೆ ಹೊಟ್ಟೆಯೊಳಗೆ ನೋಡುವುದು, ಅಗತ್ಯಬಿದ್ದರೆ ಹೊಟ್ಟೆ ತೆರೆಯುವುದು. ಆದರೆ ಅರಿವಳಿಕೆಯಲ್ಲಿದ್ದಾಗಲೇ ಅವರ ಗರ್ಭಕೋಶ, ಅಂಡಾಶಯ ಎಲ್ಲವನ್ನೂ ತೆಗೆಯಲಾಯಿತು. ಹೊರಗೆ ಕೂತಿದ್ದ ತಾಯಿಯ ಒಪ್ಪಿಗೆ ಪಡೆದಿದ್ದರಂತೆ. ಪ್ರಕರಣ ಸುಪ್ರೀಂ ಕೋರ್ಟ್ ತನಕ ಹೋಯಿತು. 2008ರಲ್ಲಿ ತೀರ್ಪು ಬಂತು. ನೋಡಲು ಕೊಟ್ಟ ಒಪ್ಪಿಗೆ ತೆಗೆಯಲು ಕೊಟ್ಟ ಒಪ್ಪಿಗೆ ಅಲ್ಲ. ಪ್ರಾಣಕ್ಕೆ ಅಪಾಯವಿಲ್ಲದಿದ್ದಾಗ, ಎಚ್ಚರವಾದ ಮೇಲೆ ಆಕೆಯನ್ನೇ ಕೇಳಬೇಕಿತ್ತು. ಕೋರ್ಟ್ ಹೇಳಿದ್ದು ಇದನ್ನೇ. ಸ್ಕೊಪಿಗೂ ಎಕ್ಟಮಿಗೂ ಇರುವ ದೂರವನ್ನು ಇದಕ್ಕಿಂತ ಚೆನ್ನಾಗಿ ಯಾವ ಡಿಕ್ಷನರಿಯೂ ಹೇಳಲಾರದು.

ನಾವು ನೆಲೆಸಿರುವ ಮಹಾರಾಷ್ಟ್ರದಲ್ಲೇ ಬೀಡ್ ಜಿಲ್ಲೆಯ ಸುದ್ದಿ ನಿಮಗೆ ನೆನಪಿರಬಹುದು. ಕಬ್ಬು ಕಡಿಯಲು ಹೋಗುವ ಹೆಂಗಸರಲ್ಲಿ ಬಹಳಷ್ಟು ಮಂದಿ ಚಿಕ್ಕ ವಯಸ್ಸಿನಲ್ಲೇ ಗರ್ಭಕೋಶ ತೆಗೆಸಿಕೊಂಡಿದ್ದಾರೆ ಎಂದು ವರದಿಯಾಗಿ, 2019ರಲ್ಲಿ ಸರ್ಕಾರ ತನಿಖಾ ಸಮಿತಿ ನೇಮಿಸಿತು. ಮರಾಠಿ ಮಾತಿನಲ್ಲಿ ಅದಕ್ಕೆ 'ಪಿಶವಿ' ತೆಗೆಸುವುದು ಎನ್ನುತ್ತಾರೆ, ಅಂದರೆ ಚೀಲ. ನಮ್ಮಲ್ಲೂ 'ಗರ್ಭಚೀಲ' ಎನ್ನುತ್ತೇವೆ. ಚೀಲ ಎಂದಾಗ ಬೇಡವಾದರೆ ಬಿಸಾಡುವ ವಸ್ತು ಎಂಬ ಭಾವನೆ ಬಂದುಬಿಡುತ್ತದೆ. ಹಿಸ್ಟರೆಕ್ಟಮಿ ಕೆಲವರ ಪ್ರಾಣ ಉಳಿಸಿದೆ, ಅದನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಅದು ಏಕೆ, ಬೇರೆ ದಾರಿ ಇದೆಯೇ, ಅಂಡಾಶಯವನ್ನೂ ತೆಗೆಯುತ್ತಾರೆಯೇ, ಈ ಮೂರು ಪ್ರಶ್ನೆ ಕೇಳುವ ಹಕ್ಕು ಪ್ರತಿಯೊಬ್ಬ ಹೆಂಗಸಿಗೂ ಇದೆ. ಕೇಳಬೇಕಾದರೆ ಪದದಲ್ಲಿ ಏನಿದೆ ಎಂಬುದು ಗೊತ್ತಿರಬೇಕು.

ಹಾಗೆಂದು ಪದದ ಮೂಲವನ್ನೇ ಸತ್ಯವೆಂದು ನಂಬಿಬಿಡಬಾರದು. ಹಿಸ್ಟೀರಿಯಾ ಎಂಬ ಪದವೂ ಅದೇ ಹಿಸ್ಟೆರಾದಿಂದ ಬಂದದ್ದು. ಹೆಂಗಸರ ಮನಸ್ಸಿನ ತೊಳಲಾಟಕ್ಕೆಲ್ಲ ಗರ್ಭಕೋಶವೇ ಕಾರಣ ಎಂಬ ಹಳೆಯ ನಂಬಿಕೆ ಅದರಲ್ಲಿದೆ. ಅಮೆರಿಕದ ಮನೋವೈದ್ಯರ ಸಂಘ 1980ರಲ್ಲಿ ತನ್ನ ಕಾಯಿಲೆಗಳ ಪಟ್ಟಿಯಿಂದ ಆ ಹೆಸರನ್ನು ಕೈಬಿಟ್ಟಿತು. ಜಗಳದಲ್ಲಿ ಹೆಂಗಸು ದನಿ ಏರಿಸಿದರೆ 'ಹಿಸ್ಟೀರಿಯಾ' ಎನ್ನುವವರು ಮಾತ್ರ ಇನ್ನೂ ಬಿಟ್ಟಿಲ್ಲ! ಮಲೇರಿಯಾ ಎಂದರೆ ಇಟಾಲಿಯನ್ ಭಾಷೆಯಲ್ಲಿ ಕೆಟ್ಟ ಗಾಳಿ. ತಪ್ಪು ಗಾಳಿಯದ್ದಲ್ಲ, ಸೊಳ್ಳೆಯದ್ದು ಎಂಬುದಕ್ಕೆ ದೊಡ್ಡ ಸಾಕ್ಷಿ ಸಿಕ್ಕಿದ್ದು 1897ರಲ್ಲಿ, ಸಿಕಂದರಾಬಾದಿನಲ್ಲಿ, ರೊನಾಲ್ಡ್ ರಾಸ್ ಕೈಯಲ್ಲಿ. ಸಿಸೇರಿಯನ್ ಹೆಸರು ಜೂಲಿಯಸ್ ಸೀಸರ್ ಹಾಗೆ ಹುಟ್ಟಿದ್ದರಿಂದ ಬಂತು ಎನ್ನುತ್ತಾರೆ. ಆ ಕಾಲದಲ್ಲಿ ಹೊಟ್ಟೆ ಕೊಯ್ದರೆ ತಾಯಿ ಉಳಿಯುತ್ತಿರಲಿಲ್ಲ. ಸೀಸರನ ತಾಯಿ ಔರೇಲಿಯಾ ಮಗ ದೊಡ್ಡವನಾದ ಮೇಲೂ ಬದುಕಿದ್ದಳು. ಆದ್ದರಿಂದ ಆ ಕಥೆ ನಂಬುವಂತಿಲ್ಲ.

ರಿಪೋರ್ಟ್ ಓದುವಾಗ ಬೇಕಾಗುವ ಇನ್ನೆರಡು ಮೂರು ಪದ ಹೇಳುತ್ತೇನೆ. ಸ್ಕ್ಯಾನ್ ರಿಪೋರ್ಟಿನಲ್ಲಿ 'ಅನ್‌ರಿಮಾರ್ಕಬಲ್' ಎಂದಿದ್ದರೆ ಗಾಬರಿ ಬೇಡ. ಹೇಳುವಂಥ ದೋಷವೇನೂ ಕಾಣಲಿಲ್ಲ ಎಂಬುದು ಅರ್ಥ. 'ಬಿನೈನ್' ಪದದ ಮೂಲ 'ಒಳ್ಳೆಯ ಹುಟ್ಟಿನದು', ಗಡ್ಡೆ ಕ್ಯಾನ್ಸರ್ ಅಲ್ಲ ಎಂದು ತಿಳಿಯಿರಿ. 'ಮ್ಯಾಲಿಗ್ನಂಟ್' ಅದಕ್ಕೆ ವಿರುದ್ಧ. 'ಅನೀಮಿಯಾ'ದಲ್ಲಿ 'ಅನ್' ಎಂದರೆ ಇಲ್ಲ, 'ಹೈಮಾ' ಎಂದರೆ ರಕ್ತ. ನಮ್ಮ ಅನಂತ, ಅನಾದಿಯಲ್ಲಿರುವ 'ಅನ್' ಕೂಡ ಇದರ ನೆಂಟನೇ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57 ಮಂದಿಗೆ ಅನೀಮಿಯಾ ಇದೆ. ಸುಸ್ತು ಎಂದು ಸುಮ್ಮನಿರುವ ನಮ್ಮಲ್ಲೂ ಎಷ್ಟೋ ಜನರಿಗೆ ಇದ್ದೀತು. ಹಿಮೊಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳಿ.

ಕರ್ನಾಟಕದ ಹೊರಗಿರುವ ನಮಗೆ ಇದೆಲ್ಲ ಇನ್ನಷ್ಟು ಬೇಕು. ಊರಿನಿಂದ ಬಂದ ಅಮ್ಮ, ಅತ್ತೆಗೆ ಕನ್ನಡ ಮಾತ್ರ ಬರುತ್ತದೆ. ಡಾಕ್ಟರ್ ಮಾತಾಡುವುದು ಮರಾಠಿ ಅಥವಾ ಹಿಂದಿ, ಬರೆಯುವುದು ಇಂಗ್ಲಿಷ್. ನಡುವೆ ನಿಂತು ಕನ್ನಡಕ್ಕೆ ತರುವವರು ನಾವು. ಆಗ "ಏನೋ ಚಿಕ್ಕ ಆಪರೇಷನ್ ಅಂತೆ, ಸಹಿ ಹಾಕಮ್ಮ" ಎಂದು ಮುಗಿಸಬೇಡಿ. ಬರೀ ನೋಡುತ್ತಾರೋ, ಏನಾದರೂ ತೆಗೆಯುತ್ತಾರೋ, ಏನನ್ನು ತೆಗೆಯುತ್ತಾರೋ, ಕನ್ನಡದಲ್ಲಿ ಬಿಡಿಸಿ ಹೇಳಿ. ದೇಹ ಅವರದು, ತಿಳಿಯುವ ಹಕ್ಕೂ ಅವರದು.

ಕೊನೆಯದಾಗಿ ನಾವು ದಿನವೂ ಬಳಸುವ ಎರಡು ಪದ. ಪೇಷಂಟ್ ಎಂದರೆ ಲ್ಯಾಟಿನ್‌ನಲ್ಲಿ ಸಹಿಸಿಕೊಳ್ಳುವವರು. ತಾಳ್ಮೆ ಎಂಬ ಅರ್ಥದ ಪೇಷನ್ಸ್ ಕೂಡ ಅದರಿಂದಲೇ ಬಂದದ್ದು. ಸಹಿಸಿಕೊಳ್ಳುವುದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ, ಅದರಲ್ಲಿ ನಾವು ಪಳಗಿದ್ದೇವೆ. ಡಾಕ್ಟರ್ ಪದ ಬಂದದ್ದು 'ಕಲಿಸು' ಎಂಬ ಲ್ಯಾಟಿನ್ ಧಾತುವಿನಿಂದ. ಡಾಕ್ಟರ್ ಎಂದರೆ ಮೂಲದಲ್ಲಿ ಕಲಿಸುವವರು, ಗುರು. ಗುರುವಿನ ಮುಂದೆ ಪ್ರಶ್ನೆ ಕೇಳಲು ಸಂಕೋಚ ಯಾಕೆ? ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಗೊತ್ತಾಗದ ಪದವನ್ನು ಚೀಟಿಯಲ್ಲಿ ಬರೆದುಕೊಳ್ಳಿ. "ಡಾಕ್ಟರೇ, ಇದನ್ನು ಸ್ವಲ್ಪ ಬಿಡಿಸಿ ಹೇಳಿ" ಎಂದು ಕೇಳಿ. ಅರ್ಥವಾದ ಮೇಲೆ ಸಹಿ ಹಾಕಿ.