ಬಿಸಿಲಿಗಿಂತ ನೆರಳಿನ ಲೆಕ್ಕ



ಉಪಗ್ರಹಕ್ಕೆ ಕರೆಂಟು ಎಲ್ಲಿಂದ ಬರುತ್ತದೆ ಎಂದರೆ ಶಾಲೆಯ ಮಕ್ಕಳೂ ‘ಸೂರ್ಯನಿಂದ’ ಎನ್ನುತ್ತಾರೆ. ಆದರೆ ಮೊಟ್ಟಮೊದಲ ಉಪಗ್ರಹಕ್ಕೆ ಸೂರ್ಯನ ಹಂಗೇ ಇರಲಿಲ್ಲ. 1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟ ಹಾರಿಸಿದ ಸ್ಪುಟ್ನಿಕ್ ಪೂರ್ತಿ ಬ್ಯಾಟರಿಯನ್ನೇ ನಂಬಿತ್ತು. ಸುಮಾರು ಮೂರು ವಾರ ಬೀಪ್ ಬೀಪ್ ಎಂದು ಕೂಗಿ ಸುಮ್ಮನಾಯಿತು. ಆಮೇಲೂ ಎರಡು ತಿಂಗಳಿಗೂ ಹೆಚ್ಚು ಕಾಲ ಭೂಮಿಯನ್ನು ಸುತ್ತುತ್ತಲೇ ಇತ್ತು, ಮಾತಿಲ್ಲದೆ.

ಸೌರಕೋಶ ಆಗಲೇ ಬಂದಿತ್ತು. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಚಾಪಿನ್, ಫುಲ್ಲರ್, ಪಿಯರ್ಸನ್ ಎಂಬ ಮೂವರು ಅದನ್ನು ಸಿಲಿಕಾನ್‌ನಲ್ಲಿ ಮಾಡಿ ತೋರಿಸಿದ್ದರು. ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಆರು ಪಾಲು ವಿದ್ಯುತ್ತಾಗುತ್ತಿತ್ತು. ಬೆಲೆ ಮಾತ್ರ ಮನೆಮಠದವರು ಕೇಳುವಂತಿರಲಿಲ್ಲ. ಬಾಹ್ಯಾಕಾಶದಲ್ಲಿ ಲೆಕ್ಕವೇ ಬೇರೆ. ಅಲ್ಲಿ ದುಬಾರಿ ಎಂದರೆ ತೂಕ. ಉಪಗ್ರಹಕ್ಕೆ ಸೌರಕೋಶವೇ ಸರಿ ಎಂದು ಪಟ್ಟು ಹಿಡಿದು ಹೇಳಿದವರು ಹಾನ್ಸ್ ಜೀಗ್ಲರ್, ಅಮೆರಿಕದ ಭೂಸೇನೆಯ ಸಿಗ್ನಲ್ ವಿಭಾಗದಲ್ಲಿದ್ದ ಜರ್ಮನ್ ಮೂಲದ ವಿಜ್ಞಾನಿ. ಆದರೆ ಆಗ ತಯಾರಾಗುತ್ತಿದ್ದ ವ್ಯಾನ್‌ಗಾರ್ಡ್ ಉಪಗ್ರಹದ ಹೊಣೆ ನೌಕಾಪಡೆಯದು. ಇನ್ನೂ ಪಳಗದ ಸಾಮಾನನ್ನು ನಂಬಲು ಅವರಿಗೆ ಮನಸ್ಸಿರಲಿಲ್ಲ. ಕೊನೆಗೆ ಅದರೊಳಗೆ ಎರಡು ಟ್ರಾನ್ಸ್‌ಮಿಟರ್ ಕೂತವು: ಒಂದಕ್ಕೆ ಬ್ಯಾಟರಿ, ಇನ್ನೊಂದಕ್ಕೆ ಸೌರಕೋಶ.

1958ರ ಮಾರ್ಚ್ 17ರಂದು ಒಂದೂವರೆ ಕಿಲೋ ತೂಕದ ಆ ಪುಟ್ಟ ಗೋಳ ಮೇಲೇರಿತು. ಬ್ಯಾಟರಿಯ ದನಿ ಜೂನ್‌ನಲ್ಲೇ ನಿಂತಿತು. ಸೌರಕೋಶದ ದನಿ 1964ರ ಮೇ ತನಕ ಕೇಳಿಸಿತು. ಇದಾದ ಮೇಲೆ ವಾದಕ್ಕೆ ಜಾಗವೇ ಉಳಿಯಲಿಲ್ಲ.

ಹಾಗಾದರೆ ಕಷ್ಟವೆಲ್ಲ ಮುಗಿಯಿತೆ? ಭೂಮಿಯ ಬಳಿ ಒಂದು ಚದರ ಮೀಟರಿಗೆ ಸುಮಾರು 1,360 ವಾಟ್ ಬಿಸಿಲು, ಮೋಡದ ಅಡ್ಡಿಯಿಲ್ಲ, ಮಳೆಗಾಲವಿಲ್ಲ. ಬಿಸಿಲಿಗೇನೂ ಬರವಿಲ್ಲ. ಎಂಜಿನಿಯರುಗಳ ನಿದ್ದೆ ಕೆಡಿಸಿದ್ದು ಎರಡೇ: ನೆರಳು ಮತ್ತು ಮಡಚಿಟ್ಟ ರೆಕ್ಕೆ. ರಾಕೆಟ್ಟಿನ ಮೂತಿಯೊಳಗೆ ರೆಕ್ಕೆಯಂಥ ಸೌರಫಲಕಗಳನ್ನು ಮಡಚಿಯೇ ಇಡಬೇಕು, ಮೇಲೆ ಹೋದಮೇಲೆ ಅವು ತಾವಾಗಿ ಬಿಚ್ಚಿಕೊಳ್ಳಬೇಕು. 1973ರಲ್ಲಿ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್ ಏರುವಾಗಲೇ ಒಂದು ರೆಕ್ಕೆ ಕಿತ್ತುಹೋಯಿತು, ಇನ್ನೊಂದು ಸಿಕ್ಕಿಹಾಕಿಕೊಂಡಿತು. ಗಗನಯಾತ್ರಿಗಳಾದ ಕಾನ್ರಾಡ್ ಮತ್ತು ಕರ್ವಿನ್ ಹೊರಗೆ ತೇಲುತ್ತ ಅಡ್ಡಬಂದ ಪಟ್ಟಿಯನ್ನು ಕತ್ತರಿಸಿ ಬಿಡಿಸಿದರು. ಅಲ್ಲಿ ಮನುಷ್ಯರಿದ್ದರು, ಸರಿಹೋಯಿತು.

ನಮ್ಮ ಆರ್ಯಭಟದಲ್ಲಿ ಆ ತಾಪತ್ರಯ ಇರಲಿಲ್ಲ, ರೆಕ್ಕೆಯೇ ಇರಲಿಲ್ಲವಲ್ಲ! ಉಡುಪಿಯ ಬಳಿಯ ಅದಮಾರಿನ ಯು.ಆರ್. ರಾವ್ ಅವರ ಮುಂದಾಳತ್ವದಲ್ಲಿ, ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ತಯಾರಾದ 26 ಮುಖಗಳ ಉಪಗ್ರಹ ಅದು. 24 ಮುಖಗಳಿಗೆ ಸೌರಕೋಶ ಅಂಟಿಸಿದ್ದರು. ಒಂದು ಪಕ್ಕಕ್ಕೆ ಬಿಸಿಲು ಬಿದ್ದರೆ ಇನ್ನೊಂದು ಪಕ್ಕ ನೆರಳಿನಲ್ಲಿ. ಹಾಗಾಗಿ ಸಿಗುತ್ತಿದ್ದುದು 46 ವಾಟ್, ಅಂದರೆ ಹಳೆಯ ಕಾಲದ ಒಂದು ಬಲ್ಬಿಗೆ ಆಗುವಷ್ಟು. 1975ರ ಏಪ್ರಿಲ್ 19ರಂದು ಹಾರಿತು. ನಾಲ್ಕೈದು ದಿನಗಳಲ್ಲೇ ವಿದ್ಯುತ್ ವ್ಯವಸ್ಥೆ ಕೆಟ್ಟು ವಿಜ್ಞಾನದ ಪ್ರಯೋಗಗಳು ನಿಂತವು.

ಇನ್ಸಾಟ್ ಉಪಗ್ರಹಗಳ ಕಾಲಕ್ಕೆ ರೆಕ್ಕೆ ಬಂತು, ಅದೂ ಒಂದೇ ಪಕ್ಕಕ್ಕೆ. ಇನ್ನೊಂದು ಪಕ್ಕದಲ್ಲಿ ಹವಾಮಾನದ ಕ್ಯಾಮೆರಾ ತಣ್ಣಗಿರಲು ತೆರೆದ ಆಕಾಶ ಕಾಣಬೇಕಿತ್ತು. ಇಲ್ಲೊಂದು ಸೋಜಿಗ ಕೇಳಿ: ಬಿಸಿಲು ಬೆಳಕು ಕೊಡುವುದಷ್ಟೇ ಅಲ್ಲ, ಬಹಳ ಮೆಲ್ಲಗೆ ತಳ್ಳುತ್ತದೆ ಕೂಡ. ಒಂಟಿ ರೆಕ್ಕೆಯ ಮೇಲೆ ಆ ಒತ್ತಡ ಬಿದ್ದರೆ ಉಪಗ್ರಹ ವಾಲುತ್ತದೆ. ಅದನ್ನು ಸರಿದೂಗಿಸಲು ಆಚೆ ಪಕ್ಕ ಉದ್ದನೆಯ ಕೋಲಿನ ತುದಿಗೆ ಒಂದು ಸೌರಪಟ ಕಟ್ಟಿದ್ದರು. 1982ರ ಇನ್ಸಾಟ್-1ಎ ಯಲ್ಲಿ ಆ ಪಟ ಬಿಚ್ಚಲೇ ಇಲ್ಲ. ಅದೇ ವರ್ಷ ಸೆಪ್ಟೆಂಬರಿಗೆ ಇಂಧನವೂ ಮುಗಿದು ಉಪಗ್ರಹ ಕೈಕೊಟ್ಟಿತು. ಮರುವರ್ಷದ ಇನ್ಸಾಟ್-1ಬಿ ಯಲ್ಲಿ ಸೌರಫಲಕವೇ ಮುಷ್ಕರ ಹೂಡಿತು. ಸೆಪ್ಟೆಂಬರ್ ನಡುವಿನ ತನಕ ಹೆಣಗಾಡಿದ ಮೇಲೆ ಅದು ಪೂರ್ತಿ ತೆರೆದುಕೊಂಡಿತು. ಆಮೇಲೆ ದೇಶದ ತುಂಬ ಟಿವಿ ಹಬ್ಬಿದ್ದು, ಆಕಾಶವಾಣಿಯ ಕೇಂದ್ರಗಳು ಉಪಗ್ರಹದ ಮೂಲಕ ಒಂದಕ್ಕೊಂದು ಬೆಸೆದುಕೊಂಡದ್ದು ಅದರಿಂದಲೇ. ಅದನ್ನು ನೋಡಿಕೊಂಡದ್ದು ನಮ್ಮ ಹಾಸನದ ನಿಯಂತ್ರಣ ಕೇಂದ್ರ.

ಇಂಥ ಭೂಸ್ಥಿರ ಉಪಗ್ರಹಗಳಿಗೂ ಗ್ರಹಣವಿದೆ. ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಹಗಲು ರಾತ್ರಿ ಸಮವಾಗುವ ದಿನಗಳ ಆಸುಪಾಸು, ಸುಮಾರು ಒಂದೂವರೆ ತಿಂಗಳು, ದಿನಕ್ಕೊಮ್ಮೆ ಅವು ಭೂಮಿಯ ನೆರಳಿಗೆ ಬೀಳುತ್ತವೆ, ಹೆಚ್ಚೆಂದರೆ 72 ನಿಮಿಷ. ಅಷ್ಟು ಹೊತ್ತು ಬ್ಯಾಟರಿಯದೇ ದರಬಾರು. ನಾವು ನೀವು ಟಿವಿ ನೋಡುತ್ತಿದ್ದರೂ ನಮಗೆ ತಿಳಿಯುವುದಿಲ್ಲ.

ಎಲ್ಲ ನೆರಳೂ 72 ನಿಮಿಷಕ್ಕೆ ಮುಗಿಯುವುದಿಲ್ಲ. ಆರು ತಿಂಗಳಿಗೆಂದು ಕಳಿಸಿದ ಮಂಗಳಯಾನ 2014ರಿಂದ ಸುಮಾರು ಎಂಟು ವರ್ಷ ಮಂಗಳನನ್ನು ಸುತ್ತಿತು. 2022ರ ಏಪ್ರಿಲ್‌ನಲ್ಲಿ ದೀರ್ಘ ಗ್ರಹಣವೊಂದಕ್ಕೆ ಸಿಕ್ಕಿ ಸಂಪರ್ಕ ಕಡಿಯಿತೆಂದು ಇಸ್ರೋ ಹೇಳಿತು.

ಚಂದ್ರನಲ್ಲಂತೂ ರಾತ್ರಿಯೆಂದರೆ ನಮ್ಮ ಹದಿನಾಲ್ಕು ದಿನ. 1970ರಲ್ಲಿ ಅಲ್ಲಿ ಇಳಿದ ಸೋವಿಯತ್ ಒಕ್ಕೂಟದ ಲುನೊಖೋದ್ ಬಂಡಿಗೆ ಹಂಡೆಯ ಮುಚ್ಚಳದಂಥ ಒಂದು ಮುಚ್ಚಳ, ಅದರ ಒಳಮೈಗೆ ಸೌರಕೋಶ. ಹಗಲು ತೆರೆದು ಬಿಸಿಲು ಕುಡಿಯುವುದು, ರಾತ್ರಿ ಮುಚ್ಚಿಕೊಂಡು ಪೊಲೋನಿಯಂನ ಕಾವಿನಲ್ಲಿ ಬೆಚ್ಚಗಿರುವುದು. ಹೀಗೆ ಹತ್ತು ತಿಂಗಳು ದುಡಿಯಿತು. ನಮ್ಮ ವಿಕ್ರಮ್ ನೌಕೆ 2023ರ ಆಗಸ್ಟ್ 23ರಂದು ಇಳಿದದ್ದು ಅಲ್ಲಿ ಬೆಳಗಾಗುವ ಹೊತ್ತಿಗೆ. ಒಂದು ಹಗಲಿನ ಕೆಲಸವೆಂದೇ ಲೆಕ್ಕ ಹಾಕಿದ್ದರು. ಸೆಪ್ಟೆಂಬರ್‌ನಲ್ಲಿ ಮತ್ತೆ ಸೂರ್ಯ ಹುಟ್ಟಿದಾಗ ಕರೆದು ನೋಡಿದರು, ಉತ್ತರ ಬರಲಿಲ್ಲ. ಅದನ್ನು ಸೋಲೆಂದು ಕೊರಗಿದವರನ್ನು ಕಂಡರೆ ನನಗೆ ಕಸಿವಿಸಿ. ಕೊಟ್ಟ ಕೆಲಸವನ್ನು ಅದು ಮುಗಿಸಿಯೇ ಮಲಗಿತ್ತು. ಚಂದ್ರನ ರಾತ್ರಿಯನ್ನು ದಾಟಬೇಕೆಂದರೆ ಫಲಕ ಎಷ್ಟು ದೊಡ್ಡದಾದರೂ ಸಾಲದು. ಕಾವಿನ ಏರ್ಪಾಡಿಗೂ ತೂಕ ಎತ್ತಿಡಬೇಕು, ಆ ತೂಕಕ್ಕಾಗಿ ಯಾವುದೋ ಉಪಕರಣವನ್ನು ಇಲ್ಲೇ ಬಿಟ್ಟುಹೋಗಬೇಕು.